ಟಿಪ್ಸ್ ಮಾಡುವಾಗ ನಾನು ನೋಡುವುದು ಏನೇನು

"ಲಿವರ್ ಇರೋದು ಹೊಟ್ಟೆಯಲ್ಲಿ ಅಲ್ವಾ, ಕುತ್ತಿಗೆಗೆ ಯಾಕೆ ಸೂಜಿ ಡಾಕ್ಟ್ರೇ?" ಮಂಗಳೂರಿನಲ್ಲಿ ಟಿಪ್ಸ್ ಮಾತು ತೆಗೆದರೆ ಮೊದಲು ಬರುವ ಪ್ರಶ್ನೆ ಇದೇ. ಟಿಪ್ಸ್ ಅಂದರೆ ಗಟ್ಟಿಯಾದ ಲಿವರ್ ಒಳಗೆ ಸ್ಟೆಂಟ್ ಎಂಬ ನಳಿಗೆ ಇಟ್ಟು, ಕರುಳಿನಿಂದ ಬರುವ ರಕ್ತಕ್ಕೆ ಒಂದು ಅಡ್ಡದಾರಿ (ಶಂಟ್) ಮಾಡಿಕೊಡುವುದು. ಕುತ್ತಿಗೆಯ ರಕ್ತನಾಳದಿಂದ ಇಳಿದರೆ ಹೃದಯದ ಬಲ ಮೇಲ್ಕೋಣೆಯ ಮೂಲಕ ಹಾದು ಲಿವರ್ ಒಳಗೆ ಹೋಗಬಹುದು. ಹೊಟ್ಟೆ ಕೊಯ್ಯಬೇಕಾಗಿಲ್ಲ.

ಸಿರೋಸಿಸ್ (ಲಿವರ್ ಗಟ್ಟಿಯಾಗುವ ಕಾಯಿಲೆ) ಆದವರಿಗೆಲ್ಲ ಇದು ಬೇಕಿಲ್ಲ. ಎಂಡೋಸ್ಕೋಪಿಯಲ್ಲಿ ಬ್ಯಾಂಡ್ ಹಾಕಿದರೂ ರಕ್ತವಾಂತಿ ನಿಲ್ಲದವರು, ಎಷ್ಟು ಸಲ ತೆಗೆದರೂ ಹೊಟ್ಟೆಯಲ್ಲಿ ನೀರು ತುಂಬುವವರು, ಮುಖ್ಯವಾಗಿ ಇವರಿಗೆ. ಮೊದಲು ಎಕೋ (ಹೃದಯದ ಸ್ಕ್ಯಾನ್) ನೋಡುತ್ತೇನೆ. ಶಂಟ್ ತೆರೆದ ಕೂಡಲೇ ಹೃದಯಕ್ಕೆ ರಕ್ತ ನುಗ್ಗುತ್ತದೆ, ಸೋತ ಹೃದಯ ಅದನ್ನು ತಾಳುವುದಿಲ್ಲ. ಕಾಮಾಲೆ ಜಾಸ್ತಿ ಇದ್ದರೂ ಹಿಂದೆ ಸರಿಯುತ್ತೇನೆ. ಅಲ್ಲಿ ಲಿವರ್ ಕಸಿಯ ಬಗ್ಗೆ ಮಾತಾಡುವುದೇ ಸರಿ.

ಕಷ್ಟದ ಹೊತ್ತು ಒಂದೇ. ಲಿವರ್‌ನಿಂದ ರಕ್ತ ಹೊರಗೆ ಒಯ್ಯುವ ಹೆಪಾಟಿಕ್ ವೇಯ್ನ್‌ನಿಂದ, ಕರುಳಿನ ರಕ್ತ ಒಳಗೆ ತರುವ ಪೋರ್ಟಲ್ ವೇಯ್ನ್‌ಗೆ, ಗಟ್ಟಿಯಾದ ಲಿವರ್ ಮೂಲಕ ಸೂಜಿ ತೂರಿಸಬೇಕು. ಗುರಿ ಕಣ್ಣಿಗೆ ಕಾಣುವುದಿಲ್ಲ. ಸಿಟಿ ಚಿತ್ರ ತಲೆಯಲ್ಲಿರಬೇಕು. ಕಾರ್ಬನ್ ಡೈಆಕ್ಸೈಡ್ ಬಿಟ್ಟು ಪೋರ್ಟಲ್ ವೇಯ್ನ್‌ನ ನೆರಳು ತೆಗೆದುಕೊಂಡಿರುತ್ತೇನೆ. ಸಿರಿಂಜ್‌ಗೆ ರಕ್ತ ಬಂದು, ಡೈ ಬಿಟ್ಟಾಗ ಪೋರ್ಟಲ್ ಕವಲು ತುಂಬಿದರೆ ಉಸಿರು ಬಿಡಬಹುದು. ಆಮೇಲೆ ಬಲೂನ್, ಮೇಲೆ ಹೊದಿಕೆ ಇರುವ ಸ್ಟೆಂಟ್. 1980ರ ದಶಕದ ಕೊನೆಯಲ್ಲಿ ಹಾಕುತ್ತಿದ್ದ ಬರೀ ಲೋಹದ ಸ್ಟೆಂಟ್‌ಗಳು ಬೇಗ ಕಟ್ಟಿಕೊಳ್ಳುತ್ತಿದ್ದವು.

ರಕ್ತಸ್ರಾವಕ್ಕೆ ಮಾಡುವಾಗ ಎರಡೂ ಕಡೆಯ ಒತ್ತಡದ ವ್ಯತ್ಯಾಸ ಪಾದರಸದ 12 ಮಿಲಿಮೀಟರ್‌ಗಿಂತ ಕೆಳಗಿಳಿಯಬೇಕು. ಆದರೆ ಸ್ಟೆಂಟನ್ನು ನಾನು ಮೊದಲು 8 ಮಿಲಿಮೀಟರ್ ಮಾತ್ರ ಅಗಲಿಸುತ್ತೇನೆ. ಕಾರಣ ಮಂಪರು. ತಲಪಾಡಿ ಚೆಕ್‌ಪೋಸ್ಟ್ ತಪ್ಪಿಸಿ ಒಳರಸ್ತೆ ಹಿಡಿದ ಲಾರಿಯ ಹಾಗೆ, ಕರುಳಿನ ಅಮೋನಿಯಾ ಲಿವರ್‌ನ ತಪಾಸಣೆ ಇಲ್ಲದೆ ಸೀದಾ ಮೆದುಳಿಗೆ ಹೋಗುತ್ತದೆ. ದಾರಿ ಅಗಲವಾದಷ್ಟೂ ಇದು ಜಾಸ್ತಿ.

ಮನೆಯವರಿಗೆ ಇದನ್ನು ಸಹಿಗೆ ಮೊದಲೇ ಬಿಡಿಸಿ ಹೇಳುತ್ತೇನೆ. ಲ್ಯಾಕ್ಟುಲೋಸ್ ಕುಡಿದು ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಹೊರಗೆ ಹೋಗಬೇಕು. ಮೀನು, ಬೇಳೆ ನಿಲ್ಲಿಸಬಾರದು. ನಿಲ್ಲಿಸಿದರೆ ಮೈಯ ಮಾಂಸ ಕರಗಿ ಮಂಪರು ಇನ್ನೂ ಹೆಚ್ಚುತ್ತದೆ. ಹೊಟ್ಟೆಯ ನೀರು ಇಳಿಯಲು ವಾರಗಳು ಬೇಕು, ಹಾಗಾಗಿ ಗಂಜಿ ಜೊತೆಗಿನ ಉಪ್ಪಿನಕಾಯಿ, ಒಣಮೀನು ಮಾತ್ರ ಬೇಡ. ನಮ್ಮೂರಲ್ಲಿ ಜಗಳ ಆಗುವುದು ಇಲ್ಲೇ.

ರೋಗಿ ಡಾಪ್ಲರ್‌ಗೆ (ಸ್ಟೆಂಟ್‌ನಲ್ಲಿ ರಕ್ತ ಹರಿಯುತ್ತಿದೆಯೇ ನೋಡುವ ಸ್ಕ್ಯಾನ್) ಬಂದಾಗ ಮೊದಲು ಹೆಂಡತಿಯನ್ನು ಕೇಳುತ್ತೇನೆ: ರಾತ್ರಿ ನಿದ್ದೆ ಬರ್ತದಾ, ಹಗಲು ತೂಕಡಿಸ್ತಾರಾ? ಗಂಡ "ನಂಗೇನೂ ಇಲ್ಲ" ಅನ್ನುತ್ತಾರೆ. ಆ ಮಾತನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಔಷಧಿಗೂ ಮಂಪರು ಬಗ್ಗದಿದ್ದರೆ, ಒಳಗೆ ಇನ್ನೊಂದು ಸ್ಟೆಂಟ್ ಹಾಕಿ ದಾರಿಯನ್ನು ಕಿರಿದು ಮಾಡುತ್ತೇವೆ.