ಆಡ್‌ನಲ್ಲಿ, ಪೇಂಟಿಂಗ್‌ನಲ್ಲಿ ಮೈಯನ್ನ ಯಾತಕ್ಕೆ ಇಟ್ಟಿದಾರೆ ಅಂತ ಕಂಡುಹಿಡಿಯೋದು ಹೇಗೆ

ಮೊದ್ಲು ಒಂದು ಚಿತ್ರ ಎದುರಿಗೆ ಇಟ್ಕೊಳ್ಳಿ. ಪರ್ಫ್ಯೂಮ್ ಆಡ್ ಆದ್ರೂ ಸರಿ, ಒಳಉಡುಪಿನ ಆಡ್ ಆದ್ರೂ ಸರಿ, ಮ್ಯೂಸಿಯಂನಲ್ಲಿರೋ ಹಳೇ ಪೇಂಟಿಂಗ್‌ದು ಫೋಟೋ ಆದ್ರೂ ಸರಿ. ಇದನ್ನ ಓದ್ತಾ ಅದನ್ನೂ ನೋಡ್ತಾ ಹೋಗಿ, ಬರೀ ಓದಿದ್ರೆ ತಲೆಗೆ ಹತ್ತಲ್ಲ.

ಬಟ್ಟೆ ಎಷ್ಟಿದೆ ಅಂತ ಮಾತ್ರ ಅಳೀಬೇಡಿ, ಎಲ್ಲರೂ ಎಡವೋದು ಅಲ್ಲೇ. ಮೈಕೆಲ್ಯಾಂಜೆಲೋ 1504ರಲ್ಲಿ ಮುಗಿಸಿದ ಡೇವಿಡ್ ಶಿಲ್ಪದ ಮೈಮೇಲೆ ಒಂದೆಳೆ ನೂಲೂ ಇಲ್ಲ, ಐದು ಮೀಟರ್‌ಗೂ ಎತ್ತರದ ಬೆತ್ತಲೆ ಗಂಡಸು, ಆದ್ರೆ ಭುಜದ ಮೇಲೆ ಕವಣೆ ಇದೆ, ಹುಬ್ಬು ಗಂಟಿಕ್ಕಿದೆ, ಬಲಗೈ ಮೇಲೆ ನರ ಉಬ್ಬಿದೆ, ಅಂದ್ರೆ ಆ ಮೈಗೆ ತನ್ನದೇ ಒಂದು ಕೆಲಸ ಇದೆ. ಇನ್ನೊಂದು ಕಡೆ ಕುತ್ತಿಗೆ ತನಕ ಬಟ್ಟೆ ಹಾಕಿರೋ ಹೆಂಗಸಿನ ಬರೀ ಅರ್ಧ ತೆರೆದ ತುಟಿ ಕಾಣೋ ಹಾಗೆ ಫ್ರೇಮ್ ಕತ್ತರಿಸಿ ಪಕ್ಕದಲ್ಲಿ ಬಾಟಲಿ ಇಟ್ರೆ ಅಲ್ಲಿ ಆಕೆನೇ ಇಲ್ಲ, ತುಟಿ ಮಾತ್ರ ಉಳೀತು. ಹಾಗಾಗಿ ನೀವು ಕೇಳಬೇಕಾಗಿರೋದು ಇಷ್ಟೇ, ಈ ಮೈ ಇಲ್ಲಿ ಏನಾದ್ರೂ ಮಾಡ್ತಿದೆಯಾ, ಇಲ್ಲಾ ನೋಡೋರಿಗೆ ಅಂತ ಇಟ್ಟಿದಾರಾ?

ಉತ್ತರ ಬೇಗ ಸಿಗೋದು ಕೈಯಲ್ಲಿ. ಅರ್ವಿಂಗ್ ಗಾಫ್‌ಮನ್ ಅನ್ನೋ ಸಮಾಜಶಾಸ್ತ್ರಜ್ಞರು 1970ರ ದಶಕದಲ್ಲಿ ನೂರಾರು ಆಡ್‌ಗಳನ್ನ ಒಟ್ಟು ಹಾಕಿ ನೋಡಿದ್ರು, ಅವರು ಹಿಡಿದ ವಿಷಯ ಇವತ್ತಿಗೂ ಕಣ್ಣಿಗೆ ಹೊಡೆಯತ್ತೆ: ಗಂಡಸು ವಸ್ತುವನ್ನ ಗಟ್ಟಿಯಾಗಿ ಹಿಡ್ಕೊಂಡಿರ್ತಾನೆ, ಹೆಂಗಸು ಬೆರಳ ತುದಿಯಲ್ಲಿ ಸವರ್ತಾ ಇರ್ತಾಳೆ, ಹಿಡಿದ್ರೂ ಹಿಡಿದ ಹಾಗಿರಲ್ಲ, ಇಲ್ಲಾ ತನ್ನ ಕೆನ್ನೆನೋ ಕುತ್ತಿಗೆನೋ ತಾನೇ ಮುಟ್ಕೊಂಡಿರ್ತಾಳೆ. ಜೊತೆಗೆ ತಲೆ ಒಂದು ಕಡೆ ವಾಲಿರತ್ತೆ, ಒಂದು ಮಂಡಿ ಮಡಚಿರತ್ತೆ. ನೀವೇ ಎದ್ದು ಹಾಗೆ ನಿಂತು ನೋಡಿ, ಯಾರಾದ್ರೂ ಮೆಲ್ಲಗೆ ತಳ್ಳಿದ್ರೂ ಬಿದ್ದುಹೋಗ್ತೀರ. ಆ ನಿಲುವಲ್ಲಿ ಯಾರೂ ಬಸ್ಸಿಗೆ ಕಾಯಲ್ಲ.

ಆಮೇಲೆ ಸ್ಕೇಲ್ ತಗೊಳ್ಳಿ, ನಿಜವಾಗಲೂ. ನೆತ್ತಿಯಿಂದ ಗದ್ದದ ತನಕ ಅಳೀರಿ, ನೆತ್ತಿಯಿಂದ ಮೈ ಕಾಣೋ ಕೊನೇ ಜಾಗದ ತನಕ ಅಳೀರಿ, ಮೊದಲನೇದನ್ನ ಎರಡನೇದರಿಂದ ಭಾಗಿಸಿ, ಬಂದ ಅಂಕಿ ದೊಡ್ಡದಾದಷ್ಟೂ ಮುಖಕ್ಕೆ ಜಾಸ್ತಿ ಜಾಗ ಅಂತ. ಡೇನ್ ಆರ್ಚರ್ ಅನ್ನೋ ಸಂಶೋಧಕರು ಮತ್ತೆ ಅವರ ಜೊತೆಗಾರರು 1983ರಲ್ಲಿ ಪತ್ರಿಕೆ ಫೋಟೋಗಳನ್ನ ಹೀಗೇ ಅಳೆದಾಗ ಗಂಡಸರ ಚಿತ್ರದಲ್ಲಿ ಮುಖಕ್ಕೆ ಜಾಸ್ತಿ ಜಾಗ, ಹೆಂಗಸರದ್ರಲ್ಲಿ ಮೈಗೆ ಜಾಸ್ತಿ ಜಾಗ ಅಂತ ಗೊತ್ತಾಯ್ತು. ಒಂದು ಚಿತ್ರದಿಂದ ಏನೂ ಹೇಳಕ್ಕಾಗಲ್ಲ, ಒಂದು ಇಡೀ ಮ್ಯಾಗಜೀನ್ ಅಳೀರಿ.

ಕಣ್ಣಿನ ವಿಷಯ ಸ್ವಲ್ಪ ಸೂಕ್ಷ್ಮ, ಇಲ್ಲಿ ನಿಧಾನ ಮಾಡಿ. ಇಟಲಿಯ ಕಲಾವಿದ ಟಿಷಿಯನ್ 1538ರಲ್ಲಿ ಬರೆದ ಉರ್ಬಿನೋದ ವೀನಸ್, ಫ್ರಾನ್ಸ್‌ನ ಕಲಾವಿದ ಮಾನೆ 1863ರಲ್ಲಿ ಬರೆದ ಒಲಿಂಪಿಯಾ, ಬೆತ್ತಲೆ ಹೆಂಗಸರ ಈ ಎರಡು ಪೇಂಟಿಂಗ್‌ಗಳನ್ನ ಪಕ್ಕಪಕ್ಕ ಇಡಿ. ಮಲಗಿರೋ ಭಂಗಿ ಹೆಚ್ಚುಕಡಿಮೆ ಒಂದೇ, ಇಬ್ಬರೂ ನಮ್ಮನ್ನೇ ನೋಡ್ತಿದಾರೆ, ಆದ್ರೆ ವೀನಸ್ ತಲೆ ಸ್ವಲ್ಪ ವಾಲಿಸಿ ಬಾ ಅನ್ನೋ ಹಾಗಿದಾಳೆ, ಕೈ ಮೆತ್ತಗೆ ಮಡಚಿ ಬಿದ್ದಿದೆ. ಒಲಿಂಪಿಯಾ ತಲೆ ನೆಟ್ಟಗಿದೆ, ಅದೇ ಕೈಯನ್ನ ತೊಡೆ ಮೇಲೆ ಒತ್ತಿ ಇಟ್ಟಿದಾಳೆ, ನೀನ್ಯಾರು ಅಂತ ಕೇಳೋ ನೋಟ. 1865ರಲ್ಲಿ ಪ್ಯಾರಿಸ್‌ನಲ್ಲಿ ಒಲಿಂಪಿಯಾನ ಪ್ರದರ್ಶನಕ್ಕಿಟ್ಟಾಗ ಜನ ಎಷ್ಟು ರೇಗಿದ್ರು ಅಂದ್ರೆ ಕೈಗೆ ಸಿಗದಷ್ಟು ಮೇಲೆ ತೂಗುಹಾಕಬೇಕಾಯ್ತು, ಬೆತ್ತಲೆ ದೇವತೆಯರನ್ನ ನೋಡಿ ಅಭ್ಯಾಸ ಇದ್ದ ಜನಕ್ಕೆ ತಮ್ಮ ಕಾಲದ್ದೇ ಒಬ್ಬ ಹೆಂಗಸು ಹೀಗೆ ತಿರುಗಿ ನೋಡಿದ್ದು ಸಹಿಸಕ್ಕಾಗ್ಲಿಲ್ಲ ಅಂತ ನನಗನ್ಸತ್ತೆ.

ಇನ್ನು ಅದಲುಬದಲು ಮಾಡಿ. ಹೆಂಗಸಿನ ಜಾಗದಲ್ಲಿ ಅದೇ ಪೋಸ್‌ನಲ್ಲಿ ಒಬ್ಬ ಗಂಡಸನ್ನ ಊಹಿಸ್ಕೊಳ್ಳಿ, ನಗು ಬಂದ್ರೆ ಆ ನಗು ಯಾಕೆ ಬಂತು ಅಂತ ಯೋಚ್ನೆ ಮಾಡಿ.

ಹಾಗಂತ ಗಂಡಸಿನ ಮೈಯನ್ನ ಮಾರಲ್ಲ ಅಂತಲ್ಲ, ಮಾರೋ ರೀತಿ ಬೇರೆ. 1982ರಲ್ಲಿ ನ್ಯೂಯಾರ್ಕ್‌ನ ಟೈಮ್ಸ್ ಸ್ಕ್ವೇರ್‌ನಲ್ಲಿ ಕ್ಯಾಲ್ವಿನ್ ಕ್ಲೈನ್ ಕಂಪನಿ ಒಳಉಡುಪಿನ ದೊಡ್ಡ ಬಿಲ್‌ಬೋರ್ಡ್ ಬಂತು, ಬ್ರೂಸ್ ವೆಬರ್ ತೆಗೆದ ಫೋಟೋ, ಟಾಮ್ ಹಿಂಟ್‌ನಾಸ್ ಅನ್ನೋ ಪೋಲ್‌ವಾಲ್ಟ್ ಆಟಗಾರ. ಕ್ಯಾಮೆರಾ ಕೆಳಗಿಂದ ಮೇಲಕ್ಕೆ ನೋಡತ್ತೆ, ಹಾಗಾಗಿ ಅವನು ವಿಗ್ರಹದ ಥರ ಎತ್ತರಕ್ಕೆ ನಿಲ್ತಾನೆ. ಹೆಂಗಸನ್ನ ಸಿಗ್ತಾಳೆ ಅನ್ನೋ ಹಾಗೆ ತೋರಿಸ್ತಾರೆ, ಗಂಡಸನ್ನ ನಿನ್ನ ಕೈಲಿ ಹೀಗಾಗಕ್ಕಾಗಲ್ಲ ಅನ್ನೋ ಹಾಗೆ ತೋರಿಸ್ತಾರೆ. ಗಂಡಸಿನ ಆಡ್ ನೋಡುವಾಗ ಕ್ಯಾಮೆರಾ ಎಷ್ಟು ಕೆಳಗಿದೆ, ಮೈಮೇಲೆ ಎಣ್ಣೆ ಇಲ್ಲಾ ನೀರು ಇದೆಯಾ, ಲೈಟು ಒಂದೇ ಕಡೆಯಿಂದ ಬಿದ್ದು ಹೊಟ್ಟೆ ಗೆರೆಗಳನ್ನ ಎತ್ತಿ ತೋರಿಸ್ತಿದೆಯಾ, ತಲೆ ಕತ್ತರಿಸಿ ಬರೀ ಮುಂಡ ಉಳಿಸಿದಾರಾ, ಇವನ್ನ ನೋಡಿ. ಶೂಟಿಂಗ್‌ಗೆ ಮುಂಚೆ ನೀರು ಕುಡಿಯೋದನ್ನ ಕಮ್ಮಿ ಮಾಡಿ ಚರ್ಮ ಬಿಗಿಯಾಗಿ ಕಾಣೋ ಹಾಗೆ ಮಾಡ್ಕೊಳ್ಳೋ ಮಾಡೆಲ್‌ಗಳಿದಾರೆ, ಅಂದ್ರೆ ಚಿತ್ರದಲ್ಲಿರೋ ಮೈ ಆ ಮನುಷ್ಯನಿಗೂ ದಿನಾ ಇರಲ್ಲ. ಕಾಲೇಜಿಗೆ ಹೋಗೋ ನಮ್ಮಕ್ಕನ ಮಗ ಆ ಹೊಟ್ಟೆಗೋಸ್ಕರ ಊಟ ಬಿಟ್ಟು ತಲೆ ಸುತ್ತಿ ಬಿದ್ದಿದ್ದ, ಅವತ್ತಿಂದ ಈ ವಿಷಯನ ನಾನು ಹಗುರವಾಗಿ ತಗೊಂಡಿಲ್ಲ.

ರೀಟಚ್, ಅಂದ್ರೆ ಚಿತ್ರದಲ್ಲಿ ಮೈಯನ್ನ ತಿದ್ದೋದು, ಅದನ್ನೂ ನೋಡಬೇಕು. ಇದು ಕಂಪ್ಯೂಟರ್ ಬಂದಮೇಲೆ ಹುಟ್ಟಿದ್ದೇನಲ್ಲ, ಆಂಗ್ರ್ ಅನ್ನೋ ಕಲಾವಿದ 1814ರಲ್ಲಿ ಬರೆದ ಒಡಲಿಸ್ಕ್ ಅನ್ನೋ ಬೆತ್ತಲೆ ಹೆಂಗಸಿನ ಚಿತ್ರದಲ್ಲಿ ಬೆನ್ನು ಎಷ್ಟು ಉದ್ದ ಅಂದ್ರೆ ಬೆನ್ನುಮೂಳೆಯ ಮೂರು ಮಣಿ ಜಾಸ್ತಿ ಇದೆ ಅಂತ ಆಗಿನ ವಿಮರ್ಶಕರೇ ಹೇಳಿದ್ರು. ಮೊಣಕೈ, ಸೊಂಟ, ತೊಡೆಗಳ ಮಧ್ಯದ ಜಾಗ, ಹಿಂದಿನ ಗೋಡೆ ಗೆರೆ ಬಾಗಿದೆಯಾ, ಇಷ್ಟು ಪರೀಕ್ಷೆ ಮಾಡಿ. ಫ್ರಾನ್ಸ್‌ನಲ್ಲಿ 2017ರ ಅಕ್ಟೋಬರ್‌ನಿಂದ ಮಾಡೆಲ್ ಮೈಯನ್ನ ತೆಳ್ಳಗೆ ಇಲ್ಲಾ ದಪ್ಪ ಮಾಡಿ ತಿದ್ದಿದ ಜಾಹೀರಾತಿನ ಮೇಲೆ ತಿದ್ದಿದ ಫೋಟೋ ಅಂತ ಬರೀಲೇಬೇಕು.

ಕೊನೇದಾಗಿ ಅಂಗೈಯಿಂದ ಮೈಯನ್ನ ಮುಚ್ಚಿ, ಮಿಕ್ಕಿದ್ದನ್ನ ನೋಡಿ. ನಾನು ಅಕ್ಕನ ಮಗನ ಜೊತೆ ಕೂತು ಇದನ್ನ ಮಾಡಿದಾಗ ಮಿಕ್ಕಿದ್ದು ಒಂದು ಮೂಲೆಯಲ್ಲಿ ಹೆಬ್ಬೆರಳಷ್ಟು ವಾಚು, ಅಷ್ಟೊತ್ತು ಇಬ್ಬರೂ ಅದನ್ನ ನೋಡೇ ಇರಲಿಲ್ಲ.