ಹಳೇ ಟ್ರ್ಯಾಕ್ಟರ್ ಎಬ್ಸೋದು ಹೆಂಗ? ಬಣ್ಣದ ಡಬ್ಬಿ ಕೊನಿಗೆ ತಗೀರಿ

ಆಳಂದ ಕಡಿ ನಮ್ಮ ಹೊಲದ ಶೆಡ್‌ನ್ಯಾಗ ಅಪ್ಪನ ಮ್ಯಾಸಿ 1035 ಆರು ವರ್ಷ ಸುಮ್ನ ನಿಂತಿತ್ತು, ಗುಜರಿಗೆ ಹಾಕು ಅಂತ ಎಲ್ಲಾರೂ ಅಂದ್ರು, ನನಗ ಮನಸ್ಸು ಬರ್ಲಿಲ್ಲ. ಗಾಡಿ ಎಬ್ಸೋದಂದ್ರ ಕೆಂಪು ಬಣ್ಣ ಹೊಡ್ದು ಸ್ಟಿಕ್ಕರ್ ಹಚ್ಚೋದಲ್ರಿ, ಅದು ಮತ್ತ ಹೊಲದಾಗ ಕುಂಟಿ ಎಳೀಬೇಕು. ತೊಗರಿ ರಾಶಿ ಮುಗಿದ ಮ್ಯಾಲ ಕೈ ಹಚ್ರಿ, ಮುಂಗಾರಿ ತನಕ ಟೈಮ್ ಸಿಗ್ತದ.

ಇನ್ನೊಂದು ಟ್ರ್ಯಾಕ್ಟರಿಗೆ ಕಟ್ಟಿ ಎಳ್ದು ಚಾಲೂ ಮಾಡ್ಬ್ಯಾಡ್ರಿ. ಜಾಮ್ ಆದ ಇಂಜಿನ್ ಹಂಗ ಎಳದ್ರ ಪಿಸ್ಟನ್ ರಿಂಗ್ ಮುರೀತಾವ, ಪಿಸ್ಟನ್ ರಾಡ್ ಬಾಗ್ತದ. ಮೊದ್ಲ ಇಂಜಿನ್ ತಳದ ಆಯಿಲ್ ಪ್ಲಗ್ ಸ್ವಲ್ಪ ಸಡಿಲ ಮಾಡಿ ನೋಡ್ರಿ, ಒಳಗ ನೀರು ಹೋಗಿದ್ರ ಅದೇ ಮೊದ್ಲ ಇಳೀತದ. ಆಮ್ಯಾಲ ಡೀಸೆಲ್ ಚಿಮ್ಸೋ ಇಂಜೆಕ್ಟರ್ ಬಿಚ್ಚಿ ಮೂರೂ ಸಿಲಿಂಡರಿಗೆ ಡೀಸೆಲ್, ಇಂಜಿನ್ ಆಯಿಲ್ ಎರಡೂ ಕೂಡ್ಸಿ ಸ್ವಲ್ಪ ಸ್ವಲ್ಪ ಬಿಟ್ಟು ನಾಕೈದು ದಿನ ಬಿಡ್ರಿ, ಮುಂದಿನ ಪುಲ್ಲಿ ಬೋಲ್ಟಿಗೆ ಪಾನಾ ಹಾಕಿ ಹಿಂದ ಮುಂದ ಮೆಲ್ಲಕ ಆಡಸ್ರಿ. ತಿರುಗಿದ್ರ ಆ ಎಣ್ಣಿ ಪೂರಾ ಹೊರಗ ಬರೂತನಕ ಇಂಜೆಕ್ಟರ್ ಹಾಕ್ಬ್ಯಾಡ್ರಿ.

ನಮ್ಮ ಎರಿಭೂಮ್ಯಾಗ ಇಂಜಿನ್ ಕೊಲ್ಲೋದು ಧೂಳು. ಏರ್ ಕ್ಲೀನರ್ ಕೆಳಗಿನ ಬಟ್ಟಲ ಬಿಚ್ಚಿದ್ರ ಕರೀ ರಾಡಿ ಕುಂತಿರ್ತದ, ಅದನ್ನ ತೊಳ್ದು ಒಳಗಿನ ಜಾಳಗಿನೂ ಡೀಸೆಲ್‌ನ್ಯಾಗ ಅದ್ದಿ ತಗ್ದು, ಗೆರಿ ತನಕಾ ಹೊಸಾ ಆಯಿಲ್ ಹಾಕ್ರಿ. ಅಲ್ಲಿಂದ ಇಂಜಿನ್ನಿಗೆ ಹೋಗೋ ರಬ್ಬರ್ ಹೋಸ್ ಮಾತ್ರ ಕಡ್ಡಾಯ ಬದಲ್ಸ್ರಿ. ನಾ ಛಲೋ ಅದ ಅಂತ ಹಳೇದೇ ಹಾಕಿದ್ದೆ, ಕ್ಲಿಪ್ಪಿನ ಕೆಳಗ ಕೂದಲಷ್ಟು ಸೀಳಿತ್ತು, ಧೂಳು ಸೀದಾ ಸಿಲಿಂಡರ್ ಒಳಗಿನ ಲೈನರಿಗೆ ಹೋಗಿ ಹೊಸಾ ರಿಂಗ್ ಹಾಕ್ಸಿದ ಇಂಜಿನ್ ಒಂದೇ ಹಂಗಾಮಿನ್ಯಾಗ ನೀಲಿ ಹೊಗಿ ಬಿಡ್ಲಿಕ್ಕೆ ಚಾಲೂ ಮಾಡ್ತು. ಆ ರೊಕ್ಕಕ್ಕಿಂತ ಆ ಇಂಜಿನ್ನಿಂದು ಇನ್ನೂ ಸಂಕಟ ಆಗ್ತದ ನನಗ.

ಡೀಸೆಲ್ ಟ್ಯಾಂಕ್ ತೊಳ್ದು ಫಿಲ್ಟರ್ ಹೊಸಾದು ಹಾಕಿ ಡೀಸೆಲ್ ಲೈನಿನ್ಯಾಗ ಸಿಕ್ಕ ಗಾಳಿ ತಗೀರಿ, ಮೊದ್ಲ ಫಿಲ್ಟರ್, ಆಮ್ಯಾಲ ಪಂಪ್, ಕಡೀಕ ಇಂಜೆಕ್ಟರ್ ಪೈಪಿನ ನಟ್ಟು. ಇಂಜೆಕ್ಟರ್ ಹೊಡೆಯೋ ಡೀಸೆಲಿಗೆ ಕೈ ಅಡ್ಡ ಹಿಡೀಬ್ಯಾಡ್ರಿ, ಆ ಪ್ರೆಷರಿಗೆ ಚರ್ಮ ಸೀಳಿ ಒಳಗ ಹೋಗ್ತದ, ಹಂಗೇನರ ಆದ್ರ ಗಾಯ ಸಣ್ಣದು ಕಂಡ್ರೂ ತಡಾ ಮಾಡ್ದೆ ದವಾಖಾನಿಗೆ ಹೋಗ್ರಿ. ರೇಡಿಯೇಟರಿಗೆ ಬೋರಿನ ಉಪ್ಪು ನೀರು ಬ್ಯಾಡ, ಕೂಲಂಟ್ ಹಾಕ್ರಿ, ಇಲ್ಲಿ ಬಿಸಲ ಗೊತ್ತೇ ಅದ.

ಚಾಲೂ ಆದ ಕೂಡ್ಲೇ ಆಯಿಲ್ ಪ್ರೆಷರ್ ಮುಳ್ಳು ನೋಡ್ರಿ, ಏಳ್ಲಿಲ್ಲಂದ್ರ ತಕ್ಷಣ ಬಂದ್ ಮಾಡ್ರಿ. ಎರಡು ದಿನ ಓಡ್ಸಿ ಎಲ್ಲೂ ಸೋರೂದಿಲ್ಲ ಅಂತ ಖಾತ್ರಿ ಆದ ಮ್ಯಾಲ ಬಣ್ಣ. ಚಾಸಿ, ಇಂಜಿನ್ ನಂಬರ್ ಕೊರೆದ ಪ್ಲೇಟಿಗೆ ಮಾತ್ರ ಸ್ಯಾಂಡ್ ಪೇಪರ್ ತಾಗಸ್ಬ್ಯಾಡ್ರಿ, ಟೇಪ್ ಹಚ್ಚಿ ಮುಚ್ರಿ, ಅಕ್ಷರ ಅಳಿಸಿದ್ರ ಆರ್‌ಸಿ ಕೆಲಸಕ್ಕ ಹೋದಾಗ ತ್ರಾಸ ಆಗ್ತದ.