512 ಎಂಬಿ ಪೈಗೆ 1 ಜಿಬಿ ಇಮೇಜ್ ಯಾಕೆ?

ತೋಟದ ಮನೆಯಲ್ಲಿ ಮಳೆ ಲೆಕ್ಕ ಇಡಲು ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯೂ ಎಂಬ ಪುಟ್ಟ ಕಂಪ್ಯೂಟರ್ ಧಾರಾಳ ಸಾಕು. ಅದರ ರ‍್ಯಾಮ್ 512 ಎಂಬಿ. ಆದರೆ ಪ್ರೋಗ್ರಾಮನ್ನು ಅದಕ್ಕೆ ಬೇಕಾದ ಸರಂಜಾಮಿನ ಜೊತೆ ಒಂದೇ ಗಂಟು (ಇಮೇಜ್) ಕಟ್ಟಿ ಓಡಿಸುವ ಡಾಕರ್‌ನಲ್ಲಿ ಪೈಥಾನ್ ಭಾಷೆಯ ಮಾಮೂಲಿ ಇಮೇಜ್ ತಂದು ಬಿಚ್ಚಿದರೆ ಅದೊಂದೇ ಸುಮಾರು 1 ಜಿಬಿ. ಆಷಾಢದ ಮಳೆಯಲ್ಲಿ, ಕರೆಂಟು ಹೋಗಿ ಬರುವ ಹೊತ್ತಲ್ಲಿ, ಆಗುಂಬೆ ಕಡೆಯ ನೆಟ್‌ವರ್ಕ್ ನಂಬಿಕೊಂಡು ಇಷ್ಟನ್ನು ಇಳಿಸಿಕೊಳ್ಳುವುದು ಸುಮ್ನೆ ತಲೆನೋವು, ಅಲ್ವಾ?

ಮೊದಲು ‘ಡಾಕರ್ ಹಿಸ್ಟರಿ’ ಕೊಟ್ಟು ಯಾವ ಪದರ ಎಷ್ಟು ಜಾಗ ತಿಂದಿದೆ ನೋಡಿ. ಹೆಚ್ಚಿನ ಪಾಲು ಬುನಾದಿಯಾಗಿರುವ ಬೇಸ್ ಇಮೇಜ್‌ನದ್ದೇ ಇರುತ್ತದೆ. ಇಮೇಜ್ ಕಟ್ಟುವ ಸೂಚನೆಗಳಿರುವ ಡಾಕರ್‌ಫೈಲ್‌ನ ‘ಫ್ರಮ್’ ಸಾಲಿನಲ್ಲಿ ‘ಸ್ಲಿಮ್’ ಆವೃತ್ತಿ ಹಾಕಿದರೆ 150 ಎಂಬಿ ಆಸುಪಾಸಿಗೆ ಇಳಿಯುತ್ತದೆ. ‘ಆಲ್ಪೈನ್’ ಇನ್ನೂ ಚಿಕ್ಕದು. ಆದರೆ ಅದರಲ್ಲಿರುವ ಮೂಲ ಸಿ ಲೈಬ್ರರಿ ಮಾಮೂಲಿ ಗ್ಲಿಬ್‌ಸಿ ಅಲ್ಲ, ಮಸಲ್. ಕೆಲವು ಲೈಬ್ರರಿಗಳಿಗೆ ಸಿದ್ಧ ವೀಲ್ (ಮೊದಲೇ ಕಂಪೈಲ್ ಮಾಡಿಟ್ಟ ಪ್ಯಾಕೇಜ್) ಸಿಗದೆ ಅವನ್ನು ನಾವೇ ಕಂಪೈಲ್ ಮಾಡುತ್ತಾ ಕೂರಬೇಕಾಗುತ್ತದೆ. ಪೈಥಾನ್ ಆದರೆ ನನ್ನ ಓಟು ಸ್ಲಿಮ್‌ಗೆ.

ಜಾಸ್ತಿ ಜನ ಎಡವುವುದು ಪದರಗಳ ವಿಷಯದಲ್ಲಿ. ಡಾಕರ್‌ಫೈಲ್‌ನ ಪ್ರತಿ ‘ರನ್’ ಸಾಲೂ ಒಂದು ಹೊಸ ಪದರ. ಒಂದು ಸಾಲಿನಲ್ಲಿ ಜಿಸಿಸಿ ಎಂಬ ಕಂಪೈಲರ್ ಹಾಕಿ, ಮುಂದಿನ ಸಾಲಿನಲ್ಲಿ ಅಳಿಸಿದರೆ ಇಮೇಜ್ ಒಂದು ಚೂರೂ ಇಳಿಯುವುದಿಲ್ಲ. ಕಲೆ ಮೇಲೆ ಸುಣ್ಣ ಬಳಿದ ಹಾಗೆ, ಕೆಳಗಿನದು ಅಲ್ಲೇ ಇರುತ್ತದೆ. ಪ್ಯಾಕೇಜ್ ತರುವ ಏಪ್ಟ್‌ನಿಂದ ಹಾಕುವುದು, ಅದರ ಪಟ್ಟಿಗಳನ್ನು ಅಳಿಸುವುದು ಎರಡೂ ಒಂದೇ ‘ರನ್’ ಸಾಲಿನಲ್ಲಿರಲಿ. ಪೈಥಾನ್ ಲೈಬ್ರರಿ ತರುವ ಪಿಪ್‌ಗೆ ‘ನೋ ಕ್ಯಾಶ್ ಡಿರ್’ ಆಯ್ಕೆ ಸೇರಿಸಿ.

ಮಳೆಮಾಪಕದ ಬಟ್ಟಲು ಮಗುಚಿದಾಗೆಲ್ಲ ಬರುವ ಸಿಗ್ನಲ್ ಎಣಿಸಲು, ಪೈನ ಪಿನ್‌ಗಳನ್ನು ಓದುವ ಆರ್‌ಪಿಐ ಜಿಪಿಐಒ ಲೈಬ್ರರಿ ಬಳಸುತ್ತೀರಿ ಅಂದುಕೊಳ್ಳಿ. ಅದನ್ನು ಕಟ್ಟಲು ಜಿಸಿಸಿ ಬೇಕು, ಓಡಿಸಲು ಬೇಡ. ಇಲ್ಲಿ ಮಲ್ಟಿ ಸ್ಟೇಜ್ ಬಿಲ್ಡ್ ಕೈಹಿಡಿಯುತ್ತದೆ. 2017ರಿಂದಲೇ ಡಾಕರ್‌ನಲ್ಲಿದೆ. ಮೊದಲ ಹಂತದಲ್ಲಿ ಜಿಸಿಸಿ ಹಾಕಿ, ವರ್ಚುವಲ್ ಎನ್ವಿರಾನ್‌ಮೆಂಟ್ ಎಂಬ ಪ್ರತ್ಯೇಕ ಫೋಲ್ಡರ್ ಒಳಗೆ ಎಲ್ಲ ಲೈಬ್ರರಿ ತುಂಬಿ. ಎರಡನೇ ಹಂತದಲ್ಲಿ ಅದೇ ಸ್ಲಿಮ್ ಇಮೇಜ್ ಮತ್ತೆ ಶುರು ಮಾಡಿ, ಆ ಫೋಲ್ಡರನ್ನೂ ನಿಮ್ಮ ಕೋಡನ್ನೂ ಮಾತ್ರ ‘ಕಾಪಿ’ ಮಾಡಿ. ಜಿಸಿಸಿ ಹಿಂದೆಯೇ ಉಳಿಯುತ್ತದೆ. ಇಮೇಜ್‌ಗೆ ಬೇಡದ ಗಿಟ್ ಫೋಲ್ಡರ್, ಹಳೇ ಲಾಗ್‌ಗಳ ಹೆಸರು ‘ಡಾಕರ್‌ಇಗ್ನೋರ್’ ಫೈಲಿಗೆ ಹೋಗಲಿ.

ಇದನ್ನೆಲ್ಲ ಪೈ ಮೇಲೆ ಮಾಡಬೇಡಿ. ಶಿವಮೊಗ್ಗದಲ್ಲಿ ಒಳ್ಳೇ ನೆಟ್ ಇರುವಾಗ ಲ್ಯಾಪ್‌ಟಾಪಿನಲ್ಲೇ, ಬೇರೆ ಬಗೆಯ ಪ್ರೊಸೆಸರ್‌ಗೂ ಇಮೇಜ್ ಕಟ್ಟುವ ‘ಬಿಲ್ಡ್‌ಎಕ್ಸ್’ ಬಳಸಿ ಕಟ್ಟಿ. ಪೈನಲ್ಲಿರುವ ಓಎಸ್ 64 ಬಿಟ್ ಆದರೆ ಪ್ಲಾಟ್‌ಫಾರ್ಮ್ ‘ಆರ್ಮ್64’, 32 ಬಿಟ್ ಆದರೆ ‘ಆರ್ಮ್ ವಿ7’. ‘ಡಾಕರ್ ಸೇವ್’ ಮಾಡಿ ಜಿಜಿಪ್ ಮಾಡಿದ ಫೈಲನ್ನು ಮನೆಯ ವೈಫೈ ಮೇಲೆ ಪೈಗೆ ಕಳಿಸಿ, ಅಲ್ಲಿ ‘ಡಾಕರ್ ಲೋಡ್’ ಕೊಡಿ. ಇದಕ್ಕೆ ಇಂಟರ್ನೆಟ್ಟೇ ಬೇಡ.

ಇಮೇಜ್ ಚಿಕ್ಕದಾದರೆ ಉಳಿಯುವುದು ಎಸ್‌ಡಿ ಕಾರ್ಡಿನ ಜಾಗ, ಡೇಟಾ, ಸಮಯ. ರ‍್ಯಾಮ್ ತಿನ್ನುವುದು ಒಳಗೆ ಓಡುವ ಪ್ರೋಗ್ರಾಮು. ಅದಕ್ಕೆ ‘ಮೆಮೊರಿ’ ಆಯ್ಕೆಯಲ್ಲಿ 128 ಎಂಬಿ ಅಂತ ಮಿತಿ ಹಾಕಬಹುದು. ಹಾಕುವ ಮೊದಲು ‘ಡಾಕರ್ ಇನ್ಫೋ’ ಕೊಟ್ಟು ನೋಡಿ. ಮೆಮೊರಿ ಮಿತಿಗೆ ಬೆಂಬಲವಿಲ್ಲ ಎಂಬ ಎಚ್ಚರಿಕೆ ಬಂದರೆ, ಪೈನ ‘ಸಿಎಂಡಿಲೈನ್’ ಫೈಲಿನಲ್ಲಿ ಮೆಮೊರಿ ಸಿಗ್ರೂಪ್ (ಮಿತಿ ಹಾಕಲು ಲಿನಕ್ಸ್‌ನಲ್ಲಿರುವ ಸೌಲಭ್ಯ) ಆನ್ ಮಾಡಿ ರೀಬೂಟ್ ಮಾಡಬೇಕು.